ಟ್ಯುನಿಸ್‌ನ ಕೆಂಪು ಟೋಪಿ, ಅಮೀನನ ಮಾತು

ಅರಿಯಾನಾದಲ್ಲಿ ಹೆಂಗಸರು ಹೆಣೆಯುತ್ತಾರೆ. ಅಲ್ ಬತ್ತಾನ್‌ನಲ್ಲಿ ಬಿಸಿನೀರು, ಸೋಪು ಹಾಕಿ ಕುಟ್ಟುತ್ತಾರೆ. ರೋಮ ಎಬ್ಬಿಸೋಕೆ ಬೇಕಾದ ಮುಳ್ಳುತೆನೆ ಅಲ್ ಆಲಿಯಾದಿಂದ ಬರುತ್ತದೆ. ಬಣ್ಣಕ್ಕೆ ಜಗ್ವಾನ್. ಅಚ್ಚಿಗೆ ಕೂರಿಸಿ, ರೋಮ ಸಮ ಮಾಡಿ, ಮುದ್ರೆ ಒತ್ತುವುದು ಟ್ಯುನೀಷಿಯಾದ ರಾಜಧಾನಿ ಟ್ಯುನಿಸ್‌ನ ಹಳೇ ಪೇಟೆಯಲ್ಲಿ. ಇಷ್ಟೂ ಓಡಾಟ ಒಂದು ಟೋಪಿಗಾಗಿ.

ಟೋಪಿಯ ಹೆಸರು ಶಾಶಿಯಾ. ಗಿಡ್ಡನೆಯ, ತಲೆಗೆ ಅಂಟಿ ಕೂರುವ ಕೆಂಪು ಉಣ್ಣೆ ಟೋಪಿ. ನಮ್ಮಲ್ಲಿ ಹಳಬರು ಟರ್ಕಿ ಟೋಪಿ ಅನ್ನುತ್ತಿದ್ದರಲ್ಲ, ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ ಸೀಮೆಯಲ್ಲಿ ರೂಮಿ ಟೋಪಿ ಅಂತ ಹೆಸರಿದ್ದ ಕುಚ್ಚಿನ ಟೋಪಿ, ಅದು ಇದರ ಹತ್ತಿರದ ನೆಂಟ. ಶಾಶಿಯಾ ಮಾಡುವವರನ್ನು ಶವ್ವಾಶಿಗಳು ಅನ್ನುತ್ತಾರೆ. ಒಂದು ಕಾಲಕ್ಕೆ ಟ್ಯುನಿಸ್‌ನಲ್ಲಿ ಇವರ ಕಸುಬಿನ ಸಂಘಕ್ಕಿದ್ದ ತೂಕ ಬೇರೆ ಯಾವ ಕಸುಬಿಗೂ ಇರಲಿಲ್ಲ. ಈಗ ಪೇಟೆ ಇದೆ. ಟೋಪಿ ಇದೆ. ಬೆರಳೆಣಿಕೆಯ ಅಂಗಡಿಗಳೂ ಇವೆ. ಸಂಘ ಮಾತ್ರ ಹೆಸರಿಗಷ್ಟೇ.

ಅದು ಹೇಗೆ ಕರಗಿತು? ಯಂತ್ರ ಬಂತು, ಕೈಕಸುಬು ಹೋಯ್ತು ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸುವ ಅಭ್ಯಾಸ ನಮಗಿದೆ. ಶವ್ವಾಶಿಗಳ ಕಥೆ ಓದುತ್ತಾ ಹೋದಂತೆ ಆ ಲೆಕ್ಕ ಯಾಕೋ ಸರಿಹೋಗಲಿಲ್ಲ.

ಕೆಲಸದ ಮೇಲೆ ಟ್ಯುನಿಸ್‌ಗೆ ಹೋಗಿದ್ದಾಗ ಈ ಪೇಟೆಯಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೆ. ಜೈತೂನಾ ಮಸೀದಿಯಿಂದ ಸ್ವಲ್ಪ ದೂರ. ಚಾವಣಿ ಇರುವ ಓಣಿ, ಎರಡೂ ಬದಿ ಹಳೇ ಮರದ ಕಪಾಟುಗಳು, ನಡುವೆ ಜನ ಹರಟುತ್ತಾ ಕೂತ ಕಾಫಿ ಅಂಗಡಿ. ಒಬ್ಬ ವಯಸ್ಸಾದ ಮೇಸ್ತ್ರಿ ಟೋಪಿಯನ್ನು ಮೊಣಕಾಲಿಗೆ ಕವುಚಿಕೊಂಡು ಉಜ್ಜುತ್ತಿದ್ದರು. ಕೈಯಲ್ಲಿದ್ದದ್ದು ಒಣಗಿದ ಮುಳ್ಳುತೆನೆಗಳ ಕಟ್ಟು. ತೆನೆಯ ಪ್ರತಿ ಮುಳ್ಳಿನ ತುದಿಯೂ ಸಣ್ಣಗೆ ಕೊಕ್ಕೆ ಥರ ಬಾಗಿರುತ್ತದೆ. ಉಜ್ಜಿದಂತೆಲ್ಲ ಉಣ್ಣೆಯ ಸಣ್ಣ ರೋಮ ಮೇಲೆದ್ದು, ಹೆಣಿಗೆಯ ಗುರುತೇ ಮುಚ್ಚಿಹೋಗಿ, ಮಖಮಲ್ಲಿನ ಹಾಗೆ ಆಗುತ್ತದೆ. ಉಕ್ಕಿನ ಬ್ರಷ್ ಯಾಕೆ ಬೇಡ ಅಂತ ಜೊತೆಗಿದ್ದ ಗೆಳೆಯನ ಮೂಲಕ ಕೇಳಿಸಿದೆ. ಗಂಟು ಸಿಕ್ಕಿದರೆ ಉಕ್ಕು ಎಳೆಯನ್ನೇ ಕಿತ್ತುಬಿಡುತ್ತದೆ, ಮುಳ್ಳಾದರೆ ತಾನು ಮುರಿಯುತ್ತದೆ ಅಂದರು. ಅಷ್ಟು ಹೇಳಿ ಮತ್ತೆ ಉಜ್ಜೋಕೆ ಶುರು ಮಾಡಿದರು. ಮಾತಿನ ಮನುಷ್ಯ ಅಲ್ಲ.

ಪಕ್ಕದಲ್ಲಿ ಬಿಳಿ ಚೀಲದಂಥದ್ದು ಬಿದ್ದಿತ್ತು. ಅದೇ ಕಬ್ಬೂಸ್. ಹೆಂಗಸರ ಕೈಯಿಂದ ಬಂದಾಗ ಟೋಪಿ ಇರುವ ರೂಪ. ತಲೆಗೆ ಹಾಕಿ ನೋಡಿದೆ, ಗಲ್ಲದವರೆಗೂ ಇಳಿಯಿತು. ಓಣಿಯಲ್ಲಿದ್ದ ಹುಡುಗರು ನಕ್ಕರು. ನಮ್ಮ ಮನೆಗಳಲ್ಲಿ ಅಪ್ಪನ ಸ್ವೆಟರನ್ನು ಬಿಸಿನೀರಿಗೆ ಹಾಕಿ, ಮಗನಿಗಾಗುವಷ್ಟು ಮಾಡಿಕೊಂಡು ಬೈಸಿಕೊಳ್ಳುತ್ತೇವಲ್ಲ, ಇವರು ಅದನ್ನೇ ಬೇಕಂತಲೇ, ಹದ ನೋಡಿ ಮಾಡುತ್ತಾರೆ. ಕುಟ್ಟಿ ಕುಟ್ಟಿ ಉಣ್ಣೆ ಒತ್ತಾಗಬೇಕು. ಮಳೆ ನೀರೂ ಸುಲಭಕ್ಕೆ ಇಳಿಯಬಾರದು. ಹಿಂದೆ ಅಲ್ ಬತ್ತಾನ್‌ನಲ್ಲಿ ಮೆಜೆರ್ದಾ ನದಿಯ ನೀರಿನ ರಭಸಕ್ಕೆ ಮರದ ಕೊಡತಿಗಳು ಎದ್ದು ಬಿದ್ದು ಈ ಕೆಲಸ ಮಾಡುತ್ತಿದ್ದವು. ಬಣ್ಣಕ್ಕೆ ಜಗ್ವಾನ್‌ವರೆಗೆ ಹೋಗುವುದು ಅಲ್ಲಿನ ನೀರಿಗಾಗಿ. ರೋಮನ್ನರು ನೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ಕಾಲುವೆ ಕಟ್ಟಿ ಕಾರ್ಥೇಜಿಗೆ ಒಯ್ದಿದ್ದು ಇದೇ ಜಗ್ವಾನ್ ಬೆಟ್ಟದ ನೀರನ್ನು.

ಈಗ ಯೋಚಿಸಿ. ಅರಿಯಾನಾದಲ್ಲಿ ಸಡಿಲವಾಗಿ ಹೆಣೆದರೆ ಅಲ್ ಬತ್ತಾನ್‌ನಲ್ಲಿ ಟೋಪಿ ಸೊಟ್ಟಗಾಗುತ್ತದೆ. ಅಲ್ಲಿ ಸರಿಯಾಗಿ ಕುಟ್ಟದಿದ್ದರೆ ಜಗ್ವಾನ್‌ನಲ್ಲಿ ಬಣ್ಣ ಒಂದೇ ಸಮ ಹಿಡಿಯುವುದಿಲ್ಲ. ತಪ್ಪು ಯಾರದ್ದು? ನಷ್ಟ ಯಾರ ತಲೆಗೆ? ಹೆಣೆದವಳಿಗೆ ಎಷ್ಟು, ಬಣ್ಣದವನಿಗೆ ಎಷ್ಟು? ಇಷ್ಟು ಊರುಗಳ, ಇಷ್ಟು ಕೈಗಳ ಕೆಲಸದಲ್ಲಿ ದಿನ ಬೆಳಗಾದರೆ ಜಗಳ ಇದ್ದೇ ಇರುತ್ತದೆ. ಆ ಜಗಳ ಬಿಡಿಸೋಕೆ ಇದ್ದವನೇ ಅಮೀನ.

ಅಮೀನ ಸಂಘದ ಮುಖ್ಯಸ್ಥ. ಹಿರಿಯ ಮೇಸ್ತ್ರಿಗಳು ತಮ್ಮಲ್ಲೇ ಒಬ್ಬನನ್ನು ಆರಿಸುವುದು, ಟ್ಯುನಿಸ್ ಆಳುತ್ತಿದ್ದ ಬೇ ಎಂಬ ದೊರೆ ಅದಕ್ಕೆ ಒಪ್ಪಿಗೆ ಕೊಡುವುದು ಆಗಿನ ಪದ್ಧತಿ. ಯಾವ ಉಣ್ಣೆ ಬಳಸಬೇಕು, ಯಾವ ಬಣ್ಣ ನಡೆಯುತ್ತದೆ, ಯಾವ ಟೋಪಿಗೆ ಯಾವ ಬೆಲೆ, ಕೆಲಸ ಕಲಿತ ಹುಡುಗ ಸ್ವಂತ ಅಂಗಡಿ ಇಡಬಹುದೋ ಇಲ್ಲವೋ, ಎಲ್ಲಕ್ಕೂ ಅವನ ಮಾತು ಬೇಕು. ಪ್ರತಿ ಮೇಸ್ತ್ರಿಗೂ ತನ್ನದೇ ಮುದ್ರೆ. ಇನ್ನೊಬ್ಬರ ಮುದ್ರೆ ಒತ್ತಿ ಮಾರಿದರೆ ಅಮೀನನ ಮುಂದೆ ನಿಲ್ಲಬೇಕು. ಶವ್ವಾಶಿಗಳ ಅಮೀನನಂತೂ ಪಟ್ಟಣದ ಇಡೀ ವರ್ತಕರಿಗೆ ಅಮೀನ ಅನಿಸಿಕೊಂಡವನು. ವ್ಯಾಪಾರದ ವ್ಯಾಜ್ಯಗಳನ್ನೂ ಅವನು ಕೇಳುತ್ತಿದ್ದ. ಸಂಘ ಅಂದರೆ ಒಟ್ಟಿಗೆ ಕೂತು ಕೆಲಸ ಮಾಡುವ ಜನ ಅಂದುಕೊಳ್ಳುತ್ತೇವೆ. ನನಗೆ ಅದು ಮೊದಲು ನ್ಯಾಯ ಹೇಳುವ ಜಾಗವಾಗಿ ಕಾಣುತ್ತದೆ. ಅದರ ಅವನತಿಯನ್ನೂ ಈ ಕಡೆಯಿಂದಲೇ ನೋಡಬೇಕು ಅನಿಸುತ್ತದೆ.

ಅಮೀನ ಅಂದಾಗ ಇಬ್ನ್ ಬತೂತಾ ನೆನಪಾಗುತ್ತಾನೆ. ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿವೆ ಅಂತ ಬರೆದಿಟ್ಟ ಪ್ರವಾಸಿ. 1325ರಲ್ಲಿ ಊರು ಬಿಟ್ಟು ಹೊರಟ ಹೊಸದರಲ್ಲಿ ಅವನು ಟ್ಯುನಿಸ್ ಹಾದು ಹೋದ. ಮುಂದೆ ಸ್ಫಾಕ್ಸ್‌ನಲ್ಲಿ ಮದುವೆ ಮಾತಾಯಿತು. ಹುಡುಗಿ ಟ್ಯುನಿಸ್‌ನ ಒಬ್ಬ ಅಮೀನನ ಮಗಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾವನ ಜೊತೆ ಮನಸ್ತಾಪ ಬಂದು ಹೆಂಡತಿಯನ್ನು ಬಿಟ್ಟ. (ಮಾವನ ಕಡೆಯ ಮಾತು ಕೇಳೋಕೆ ನಮಗೆ ದಾರಿ ಇಲ್ಲ.) ಅಂದರೆ 14ನೇ ಶತಮಾನಕ್ಕೇ ಟ್ಯುನಿಸ್‌ನಲ್ಲಿ ಅಮೀನರಿದ್ದರು. ಹಾಗಂತ ಇಸ್ಲಾಂ ಹುಟ್ಟಿದಾಗಿಂದ ಕಸುಬಿನ ಸಂಘಗಳಿದ್ದವು ಅಂತ ಹೇಳೋಕಾಗಲ್ಲ. ಹತ್ತನೇ ಶತಮಾನದಲ್ಲೇ ಇದ್ದವು ಅಂತ ಮ್ಯಾಸಿನ್ಯೋನ್ ಎಂಬ ಫ್ರೆಂಚ್ ವಿದ್ವಾಂಸ ವಾದಿಸಿದ. ಆಮೇಲಿನವರು ಪುರಾವೆ ಎಲ್ಲಿ ಅಂತ ಕೇಳಿದರು. ಸಂತೆ ನೋಡಿಕೊಳ್ಳಲು ಸರ್ಕಾರ ಇಟ್ಟ ಅಧಿಕಾರಿ ಬೇರೆ, ಕಸುಬಿನವರೇ ಕಟ್ಟಿಕೊಂಡ ಸಂಘ ಬೇರೆ ಎಂಬುದು ಅವರ ತಕರಾರು. ನನಗೆ ಅದು ಸರಿಯಾದ ತಕರಾರು ಅನಿಸುತ್ತದೆ. ಇಸ್ತಾಂಬುಲ್‌ನ ಸುಲ್ತಾನರ, ಅಂದರೆ ಒಟ್ಟೊಮನ್ ಕಾಲಕ್ಕೆ ಬಂದ ಮೇಲೆ ಮಾತ್ರ ಸಂಘಗಳು ಇದ್ದವೋ ಇಲ್ಲವೋ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಶವ್ವಾಶಿಗಳ ಸಂಘಕ್ಕೆ ಬಲ ಬಂದದ್ದು ಒಂದು ದೊಡ್ಡ ಅನ್ಯಾಯದಿಂದ. 1609ರಲ್ಲಿ ಸ್ಪೇನಿನ ದೊರೆ ಮೂರನೇ ಫಿಲಿಪ್, ಮೂರ್ನಾಲ್ಕು ತಲೆಮಾರಿನ ಹಿಂದೆ ಬಲವಂತವಾಗಿ ಕ್ರೈಸ್ತರಾಗಿದ್ದ ಮುಸ್ಲಿಮರನ್ನು ದೇಶದಿಂದಲೇ ಓಡಿಸಲು ಆಜ್ಞೆ ಮಾಡಿದ. 1614ರ ಹೊತ್ತಿಗೆ ಸುಮಾರು 3 ಲಕ್ಷ ಜನ ಹೊರಬಿದ್ದರು. ಹತ್ತಾರು ಸಾವಿರ ಜನ ಟ್ಯುನಿಸ್ ಸೀಮೆಗೆ ಬಂದರು. ಆಗ ಅಲ್ಲಿ ಆಳುತ್ತಿದ್ದ ಉಸ್ಮಾನ್ ದೇ ಎಂಬಾತ ಹೀಗೆ ಬಂದವರನ್ನು ಕರೆದು ನೆಲೆ ಕೊಟ್ಟ. ಸ್ಪೇನಿನಲ್ಲಿ ಕಲಿತ ಟೋಪಿ ಕೆಲಸ ಅವರ ಜೊತೆ ಬಂತು. ಇಡೀ ಕಸುಬಿನ ಭಾಷೆಯಲ್ಲಿ ಎಷ್ಟೋ ಕಾಲ ಸ್ಪ್ಯಾನಿಷ್ ಪದಗಳೇ ಓಡಾಡುತ್ತಿದ್ದವು. 1690ರ ದಶಕದ ಆರಂಭದಲ್ಲಿ ಮುಹಮ್ಮದ್ ಬೇ ಇವರಿಗಾಗಿಯೇ ಪೇಟೆ ಕಟ್ಟಿಸಿದ. ಅದೂ ಜೈತೂನಾ ಮಸೀದಿಯ ಹತ್ತಿರ. ಅಲ್ಲಿನ ಊರುಗಳಲ್ಲಿ ಅತ್ತರು, ಪುಸ್ತಕ, ರೇಷ್ಮೆಯಂಥ ಗೌರವದ ವ್ಯಾಪಾರಕ್ಕೆ ಮಸೀದಿ ಪಕ್ಕದ ಜಾಗ. ಗಲಾಟೆ ಮಾಡುವ ಕಮ್ಮಾರರು, ವಾಸನೆಯ ಚರ್ಮ ಹದ ಮಾಡುವವರು ಊರ ಬಾಗಿಲ ಕಡೆ. ಶವ್ವಾಶಿಗಳಿಗೆ ಯಾವ ಮಟ್ಟದ ಮರ್ಯಾದೆ ಇತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ಮರ್ಯಾದೆ ಇದ್ದ ಕಡೆ ಬಾಗಿಲೂ ಭದ್ರ. ಈ ಕಸುಬು ಬಹುಮಟ್ಟಿಗೆ ಆಂದಲೂಸಿ, ಅಂದರೆ ಸ್ಪೇನಿನಿಂದ ಬಂದ ಮನೆತನಗಳ ಕೈಯಲ್ಲೇ ಉಳಿಯಿತು. ಹೊರಗಿನ ಹುಡುಗ ಬಂದು ಉಜ್ಜಬಹುದು, ಮೂಟೆ ಹೊರಬಹುದು. ಮೇಸ್ತ್ರಿಯಾಗಿ ಅಂಗಡಿ ಹಿಡಿಯುವುದು ಬೇರೆ ಮಾತು. ಹಳೇ ಸಂಘಗಳ ಬಗ್ಗೆ ಬರೆಯುವವರು ಅಣ್ಣತಮ್ಮಂದಿರ ಪ್ರೀತಿ, ಪ್ರಾಮಾಣಿಕತೆ ಅಂತ ಕರಗಿಹೋಗುತ್ತಾರೆ. ಪ್ರಾಮಾಣಿಕತೆ ಇತ್ತು, ಒಪ್ಪಿದೆ. ತಮ್ಮ ಮಕ್ಕಳಿಗೆ ಜಾಗ ಕಾಯ್ದಿಡುವ ಜಾಣತನವೂ ಇತ್ತು.

ಇನ್ನೊಂದು ವಿಷಯ. ಇದು ಅಪ್ಪಟ ಊರ ಕಸುಬು ಅಂತ ನಾವು ಹೇಳಿದರೆ ಹಳೇ ಶವ್ವಾಶಿಗಳು ನಗುತ್ತಿದ್ದರೇನೋ. ಒಳ್ಳೇ ಉಣ್ಣೆ ಬರುತ್ತಿದ್ದದ್ದು ತಮ್ಮನ್ನು ಓಡಿಸಿದ ಸ್ಪೇನಿನಿಂದಲೇ. ಕಡುಗೆಂಪು ಬಣ್ಣ ಕೊಡುವ ಹುಳು ಮೆಕ್ಸಿಕೋದ್ದು. ತರಿಸಿಕೊಡುವವರು ಇಟಲಿಯ ಲಿವೋರ್ನೊ ಮೂಲದ ಯಹೂದಿ ವರ್ತಕರು. ಟೋಪಿ ಹೋಗುತ್ತಿದ್ದದ್ದು ಇಸ್ತಾಂಬುಲ್, ಕೈರೋ, ಸಹಾರಾ ದಾಟಿ ಆಚೆಗೆ. ಟ್ಯುನಿಸ್‌ನ ದೊಡ್ಡ ರಫ್ತುಗಳಲ್ಲಿ ಇದೂ ಒಂದು. 18ನೇ ಶತಮಾನದಲ್ಲೇ ಫ್ರಾನ್ಸಿನ ಮಾರ್ಸೇಲ್, ಓರ್ಲಿಯಾನ್ ಕಡೆ 'ಟ್ಯುನಿಸ್ ಮಾದರಿ' ಅಂತ ನಕಲಿ ಟೋಪಿ ಶುರುವಾಗಿತ್ತು. ಇಲ್ಲೇ ನನಗೆ ಮೊದಲ ಅನುಮಾನ ಬಂದದ್ದು. ಪೈಪೋಟಿಯೇ ಸಂಘವನ್ನು ಕೊಲ್ಲುವುದಾಗಿದ್ದರೆ ಆಗಲೇ ಕೊಲ್ಲಬೇಕಿತ್ತು. ಆಗ ಹಾಗಾಗಲಿಲ್ಲ. 1782ರಿಂದ 1814ರವರೆಗೆ ಆಳಿದ ಹಮ್ಮೂದಾ ಪಾಷಾನ ಕಾಲ ಶವ್ವಾಶಿಗಳಿಗೆ ಸುಗ್ಗಿಯ ಕಾಲವೇ. ಆ ಮನುಷ್ಯ ತಾನೂ ಊರಲ್ಲಿ ತಯಾರಾದ ಬಟ್ಟೆಯನ್ನೇ ಉಡುತ್ತಿದ್ದನಂತೆ.

ಪೆಟ್ಟು ಬಿದ್ದದ್ದು ವರದ ರೂಪದಲ್ಲಿ. ಇಸ್ತಾಂಬುಲ್‌ನ ಸುಲ್ತಾನ ಎರಡನೇ ಮಹಮೂದ್ 1826ರಲ್ಲಿ ಜಾನಿಸರಿ ಎಂಬ ಹಳೇ ಸೈನ್ಯವನ್ನು ನಿರ್ನಾಮ ಮಾಡಿದ. ಹೊಸ ಸೈನ್ಯಕ್ಕೆ ಹೊಸ ಉಡುಪು ಬೇಕಿತ್ತು. ಟ್ಯುನಿಸ್‌ನಿಂದ ಬಂದ ಕೆಂಪು ಟೋಪಿ ಅವನಿಗೆ ಹಿಡಿಸಿತು. 1829ರಲ್ಲಿ ಅಧಿಕಾರಿಗಳೆಲ್ಲ ಮುಂಡಾಸು ಬಿಟ್ಟು ಫೆಜ್ ಎಂಬ ಹೆಸರಿನ ಈ ಕೆಂಪು ಟೋಪಿ ಹಾಕಬೇಕು ಅಂತ ಕಾನೂನಾಯಿತು. ಶವ್ವಾಶಿಗಳಿಗೆ ಇದಕ್ಕಿಂತ ಭಾಗ್ಯ ಇನ್ನೇನು ಬೇಕು ಅನಿಸಿರಬೇಕು, ಅಲ್ವಾ? ಆದರೆ ಸರ್ಕಾರಕ್ಕೆ ಬೇಕಾದ್ದು ಒಂದೇ ಅಳತೆಯ, ಒಂದೇ ಬಣ್ಣದ, ಅಗ್ಗದ ಟೋಪಿ. ಅದೂ ರಾಶಿ ರಾಶಿ. ಟ್ಯುನಿಸ್‌ನ ಕುಶಲಿಗಳನ್ನೇ ಕರೆಸಿಕೊಂಡು 1830ರ ದಶಕದಲ್ಲಿ ಇಸ್ತಾಂಬುಲ್‌ನಲ್ಲಿ ಫೆಸ್‌ಹಾನೆ ಎಂಬ ಸರ್ಕಾರಿ ಕಾರ್ಖಾನೆ ತೆರೆದರು. ಆಮೇಲೆ ಆಸ್ಟ್ರಿಯಾದವರು ಬಂದರು. ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಬೊಹೀಮಿಯಾದ ಸ್ಟ್ರಾಕೊನಿಟ್ಸೆ ಎಂಬ ಊರಿನ ಕಾರ್ಖಾನೆಗಳು ಫೆಜ್ ಟೋಪಿಯನ್ನು ಹಡಗು ತುಂಬಿಸಿ ಕಳಿಸತೊಡಗಿದವು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿಕೊಂಡಾಗ ಇಸ್ತಾಂಬುಲ್‌ನ ಜನ ಸಿಟ್ಟಿಗೆದ್ದು ಮಾಡಿದ್ದೇನು ಗೊತ್ತಾ? ತಲೆ ಮೇಲಿನ ಫೆಜ್ ಕಿತ್ತು ಹರಿದುಹಾಕಿದರು. ಯಾಕೆಂದರೆ ಅಷ್ಟರಲ್ಲಿ ಅದು ಆಸ್ಟ್ರಿಯಾದ ಸರಕಾಗಿಬಿಟ್ಟಿತ್ತು.

ಮುದ್ರೆ ನೋಡಿ, ಉಣ್ಣೆ ಮುಟ್ಟಿ, ಇದು ಇಂಥವರ ಕೆಲಸ ಅಂತ ಕೊಳ್ಳುವ ಗಿರಾಕಿಯ ಜಾಗಕ್ಕೆ ಸೈನ್ಯದ ಉಗ್ರಾಣ ಬಂದು ಕೂತರೆ ಅಮೀನನ ಮಾತಿಗೆ ಏನು ಬೆಲೆ? ಟ್ಯುನಿಸ್‌ನ ಒಳ್ಳೇ ಟೋಪಿಗೆ ಕೊನೆತನಕ ಹೆಸರಿತ್ತು. ಆದರೆ ಒಳ್ಳೆಯದು ಯಾವುದು ಅಂತ ತೀರ್ಮಾನ ಮಾಡುವ ಜಾಗ ಟ್ಯುನಿಸ್ ಬಿಟ್ಟು ಹೊರಗೆ ಹೋಗಿತ್ತು.

ಊರ ಒಳಗೂ ಅದೇ ಆಯಿತು. 1857ರಲ್ಲಿ ಬಟ್ಟೋ ಸ್ಫೆಜ್ ಎಂಬ ಯಹೂದಿ ಗಾಡಿ ಹೊಡೆಯುವವನಿಗೆ ಧರ್ಮನಿಂದೆಯ ಆರೋಪದ ಮೇಲೆ ಮರಣದಂಡನೆ ಆಯಿತು. ಫ್ರಾನ್ಸ್, ಬ್ರಿಟನ್ ದೇಶದ ಪ್ರತಿನಿಧಿಗಳು ಬೇಯ ಮೇಲೆ ಒತ್ತಡ ಹಾಕಿದರು. ಫ್ರಾನ್ಸಿನ ಯುದ್ಧನೌಕೆಗಳೂ ಬಂದು ನಿಂತವು. ಅದೇ ಸೆಪ್ಟೆಂಬರ್‌ನಲ್ಲಿ ಬೇ ಅಹ್ದ್ ಅಲ್ ಅಮಾನ್ ಎಂಬ ಶಾಸನ ಹೊರಡಿಸಿದ. ಯಾವ ಮತದವರಾದರೂ ಕಾನೂನಿನ ಮುಂದೆ ಒಂದೇ ಎಂಬ ಮಾತು ಅದರಲ್ಲಿತ್ತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಅದೇ ಕಾಗದದ ಕೆಳಗಿನ ಕಲಮುಗಳಲ್ಲಿ ವ್ಯಾಪಾರ ಎಲ್ಲರಿಗೂ ಮುಕ್ತ, ಪರದೇಶದವರೂ ಯಾವ ಕಸುಬು ಬೇಕಾದರೂ ಮಾಡಬಹುದು, ಜಮೀನು ಕೊಳ್ಳಬಹುದು ಅಂತ ಸೇರಿತ್ತು. ಬಡ ಯಹೂದಿಯ ಸಾವಿನ ನೆಪದಲ್ಲಿ ಮಾರ್ಸೇಲಿನ ವ್ಯಾಪಾರಿಗೆ ಬಾಗಿಲು ತೆಗೆದದ್ದು ನನಗೆ ಈಗಲೂ ಇರುಸುಮುರುಸು ಮಾಡುತ್ತದೆ. ಇನ್ನು ಮುಂದೆ ಸಂಘದ ಒಳಗಿದ್ದವನಿಗೆ ಅಮೀನನ ನಿಯಮ, ಹೊರಗಿನಿಂದ ಬಂದ ಸರಕಿಗೆ ಯಾವ ನಿಯಮವೂ ಇಲ್ಲ. ಸಾಲದಲ್ಲಿ ಮುಳುಗಿದ ಟ್ಯುನಿಸ್‌ನ ಖಜಾನೆ ಮೇಲೆ 1869ರಲ್ಲಿ ಸಾಲ ಕೊಟ್ಟ ಪರದೇಶದವರ ಆಯೋಗ ಕೂತಿತು. 1881ರಲ್ಲಿ ಫ್ರೆಂಚ್ ಸೈನ್ಯವೇ ಬಂತು. 1898ರ ಹೊತ್ತಿಗೆ ಬಹಳಷ್ಟು ಫ್ರೆಂಚ್ ಸರಕು ಸುಂಕವಿಲ್ಲದೆ ಒಳಗೆ ಬರತೊಡಗಿತು.

ಕುತೂಹಲದ ವಿಷಯ ಏನಂದರೆ ಫ್ರೆಂಚರು ಅಮೀನರನ್ನು ತೆಗೆದುಹಾಕಲಿಲ್ಲ. ಹೆಸರು, ಕುರ್ಚಿ ಹಾಗೇ ಇದ್ದವು. ತೀರ್ಪು ಹೇಳುವ ಕೆಲಸ ಚೂರು ಚೂರಾಗಿ ಕೋರ್ಟಿಗೆ, ಕಚೇರಿಗೆ ಹೋಯಿತು. ಕೊನೆಗೆ ಅಮೀನ ಅಂದರೆ ಕೇಳಿದಾಗ ಅಭಿಪ್ರಾಯ ಹೇಳುವ ಅನುಭವಸ್ಥ ಅಂತಾಯಿತು. ಒಂದೇ ಏಟಿಗೆ ನಿಷೇಧ ಮಾಡಿದ್ದರೆ ಯಾರಾದರೂ ಬೀದಿಗಿಳಿಯುತ್ತಿದ್ದರೇನೋ. ಇಲ್ಲಿ ಯಾವ ದಿನ ಸಂಘ ಹೋಯಿತು ಅಂತ ಬೆರಳಿಟ್ಟು ತೋರಿಸೋಕೇ ಆಗಲ್ಲ.

ತಲೆಗಳೂ ಬದಲಾದವು. 1925ರಲ್ಲಿ ಟರ್ಕಿಯ ಹೊಸ ಸರ್ಕಾರ ಫೆಜ್ ಹಾಕುವುದನ್ನೇ ಅಪರಾಧ ಮಾಡಿತು. ನೂರು ವರ್ಷ ತುಂಬುವ ಮೊದಲೇ ಕಡ್ಡಾಯದಿಂದ ನಿಷೇಧ! ಈಜಿಪ್ಟಿನಲ್ಲಿ 1952ರ ಕ್ರಾಂತಿಯ ಮೇಲೆ ತರ್ಬೂಷ್, ಅಂದರೆ ಅಲ್ಲಿನ ಫೆಜ್, ಹಳೇ ಪಾಷಾಗಳ ಗುರುತಾಗಿ ಮೂಲೆ ಸೇರಿತು. ಟ್ಯುನೀಷಿಯಾದಲ್ಲೂ ಓದಿದ ಹುಡುಗರು ಬರಿದಲೆಯಲ್ಲಿ ಓಡಾಡತೊಡಗಿದರು. ಅವರನ್ನು ಬೈದು ಏನು ಉಪಯೋಗ? ನಮ್ಮಲ್ಲೂ ಮೈಸೂರು ಪೇಟ ಈಗ ಸನ್ಮಾನ ಮಾಡಿಸಿಕೊಳ್ಳುವವರ ತಲೆ ಮೇಲೆ ಮಾತ್ರ. ಸ್ವಾತಂತ್ರ್ಯ ಬಂದ ಮೇಲೆ, 1960ರ ದಶಕದಲ್ಲಿ, ಅಲ್ಲಿನ ಸರ್ಕಾರ ಕೃಷಿಯಿಂದ ಹಿಡಿದು ಅಂಗಡಿ, ಕೈಕಸುಬಿನವರೆಗೆ ಎಲ್ಲರನ್ನೂ ಸಹಕಾರ ಸಂಘಗಳಿಗೆ ಸೇರಿಸಲು ಹೊರಟಿತು. 1969ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಮೇಲಿನಿಂದ ಕಟ್ಟಿದ ಸಂಘ ಮೇಲಿನವರು ಬೇಡ ಅಂದ ದಿನ ಮುಗಿಯುತ್ತದೆ. ಅದರ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಅರಿಯಾನಾದ ಹೆಂಗಸರು. ಕಬ್ಬೂಸ್ ಇಲ್ಲದೆ ಟೋಪಿಯೇ ಇಲ್ಲ. ಮೊದಲ ಹೊಲಿಗೆ ಬೀಳುವುದೇ ಅವರ ಕಡ್ಡಿಗಳಲ್ಲಿ. ಆದರೂ ಸಂಘ ಉತ್ತುಂಗದಲ್ಲಿದ್ದ ಕಾಲದಲ್ಲೂ ಅವರು ಸಂಘದವರಲ್ಲ. ಅವರಿಗೆ ಮುದ್ರೆ ಇಲ್ಲ, ಅಮೀನನನ್ನು ಆರಿಸುವ ಸಾಲಿನಲ್ಲಿ ಜಾಗ ಇಲ್ಲ. ಮನೆಯಲ್ಲಿ ಕೂತು ಹೆಣೆದು ಕೊಟ್ಟು, ಕೊಟ್ಟಷ್ಟು ಇಸಿದುಕೊಳ್ಳಬೇಕು. ಮನೆಕೆಲಸದ ನಡುವೆ ಬಿಡುವಲ್ಲಿ ಮಾಡಿದ್ದು ಅಂತ ಕೂಲಿಯೂ ಅಷ್ಟಕ್ಕಷ್ಟೇ. ಸಂಘ ಸೊರಗಿದ ಕಥೆಯಲ್ಲಿ ಸುಲ್ತಾನ, ಕಾರ್ಖಾನೆ, ಫ್ರೆಂಚರು ಎಲ್ಲ ಬರುತ್ತಾರೆ. ಸಂಘ ತಾನೇ ಹೊರಗಿಟ್ಟ ಈ ಅರ್ಧ ಪಾಲು ಜನರ ಹೆಸರು ಬರುವುದು ಕಡಿಮೆ.

ಈಗ ಅವರ ಮೇಲೆಯೇ ಎಲ್ಲ ನಿಂತಿದೆ. ಟೋಪಿಗೆ ಗಿರಾಕಿ ಪೂರ್ತಿ ಹೋಗಿಲ್ಲ. ಕಪ್ಪು ಬಣ್ಣದ್ದು ಲಿಬಿಯಾಕ್ಕೆ ಹೋಗುತ್ತದೆ, ನೈಜೀರಿಯಾ ಕಡೆಯೂ ಬೇಡಿಕೆ ಇದೆ. ಟ್ಯುನಿಸ್‌ನಲ್ಲಿ ಹಬ್ಬಕ್ಕೆ, ಮದುವೆಗೆ, ಶುಕ್ರವಾರದ ನಮಾಜಿಗೆ ಕೆಂಪು ಶಾಶಿಯಾ ಹಾಕುವವರು ಇದ್ದಾರೆ. 2011ರ ಕ್ರಾಂತಿ ಆದ ಮೇಲೆ ಕೆಲವು ಹುಡುಗ ಹುಡುಗಿಯರು ಇದನ್ನು ಊರ ಹೆಮ್ಮೆ ಅಂತ ಮತ್ತೆ ತಲೆಗೇರಿಸಿದರು. ಅಂಗಡಿಯವರು ನೀಲಿ, ಹಸಿರು, ಹೂ ಕಸೂತಿಯವೂ ಮಾಡುತ್ತಿದ್ದಾರೆ. ಹಳಬರು ಮುಖ ಗಂಟಿಕ್ಕಿದರೂ ಮಾರಾಟ ನಡೆಯುತ್ತದೆ. ಸಿಗದೇ ಇರುವುದು ಹೆಣೆಯುವ ಕೈ.

ಆ ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ ಇದೇ ಮಾತು ನಡೆದಿತ್ತು. ಗೆಳೆಯ ಅಷ್ಟಷ್ಟೇ ಅನುವಾದ ಮಾಡಿ ಹೇಳುತ್ತಿದ್ದ. ಈಗಿನ ಹೆಣ್ಣುಮಕ್ಕಳಿಗೆ ತಾಳ್ಮೆ ಇಲ್ಲ, ಎಲ್ಲರಿಗೂ ಆಫೀಸು ಬೇಕು ಅಂತ ಒಬ್ಬ ಅಂಗಡಿಯವರು ರೇಗಿದರು. ಅರಿಯಾನಾದಲ್ಲೇ ಹುಟ್ಟಿ ಬೆಳೆದ ಗೆಳೆಯನ ಹೆಂಡತಿಗೆ ರಾತ್ರಿ ಊಟದ ಹೊತ್ತಿಗೆ ಇದನ್ನು ಹೇಳಿದೆ. ಅವರ ಅಜ್ಜಿಯೂ ಕಬ್ಬೂಸ್ ಹೆಣೆಯುತ್ತಿದ್ದವರು. ಒಂದು ಟೋಪಿಯ ಕೂಲಿಯಲ್ಲಿ ಮನೆಗೆ ಎಷ್ಟು ಬ್ರೆಡ್ಡು ಬರುತ್ತದೆ ಅಂತ ಆ ಅಂಗಡಿಯವರನ್ನು ಕೇಳಬೇಕಿತ್ತು ನೀವು ಅಂದರು. ಕೂಲಿ ಇಷ್ಟಾಗಲಿ, ಟೋಪಿಯ ಬೆಲೆ ಇಷ್ಟಾಗಲಿ ಅಂತ ಇಬ್ಬರನ್ನೂ ಎದುರಿಗೆ ಕೂರಿಸಿ ಹೇಳುವವರು ಯಾರೂ ಇಲ್ಲ. ಅಮೀನ ಇದ್ದ ಕಾಲದಲ್ಲೂ ಅವರ ಅಜ್ಜಿಯನ್ನು ಯಾರೂ ಕೂರಿಸಿ ಕೇಳಿರಲಿಲ್ಲ. ಅದನ್ನೂ ಅವರೇ ಹೇಳಿದರು, ನನ್ನ ತಟ್ಟೆಗೆ ಇನ್ನಷ್ಟು ಕುಸ್ಕುಸ್ ಬಡಿಸುತ್ತಾ.